ಹಲ್ಲು ಮಸೆಯುವ ಸದ್ದು

ಕೊತ್ತಂಬರಿ ಕಟ್ಟಿಗೆ ಸುತ್ತಿದ್ದ, ಹೋದ ವರ್ಷದ ಚೀನಾ ಯುದ್ಧದ ಸುದ್ದಿಯಿದ್ದ ಹಳೆಯ ಪತ್ರಿಕೆಯನ್ನು ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಹರಡಿದ ಮೇಲೂ ಹಿಂದಿನ ಕೋಣೆಯಿಂದ ಸಿಳ್ಳೆ ಬರಲಿಲ್ಲ. ಏಕಾಂತಪ್ಪ ಕಾಗದವನ್ನು ಮತ್ತೆ ಮಡಿಸಿ, ಮತ್ತೆ ಬಿಚ್ಚಿ, ಬೇಕೆಂದೇ ಪರಪರ ಎನ್ನಿಸಿದ. ನಾಲ್ಕು ವರ್ಷಗಳಿಂದ ಈ ಮನೆಯಲ್ಲಿ ಕಾಗದ ಸದ್ದು ಮಾಡಿದರೆ ಸಾಕು, ಸೊಪ್ಪಿರಲಿ ಇಲ್ಲದಿರಲಿ, ಗಿನಿಹಂದಿ ಗಿಣ್ಣು ತನ್ನ ಪೆಟ್ಟಿಗೆಯ ತಂತಿಗೆ ಮುಂಗಾಲು ಕೊಟ್ಟು ನಿಂತು, ಆ ಗೇಣುದ್ದದ ಮೈಯಿಂದ ಹೇಗೆ ಹೊರಟಿತೋ ಎನ್ನುವಂಥ ಉದ್ದನೆಯ ಸಿಳ್ಳೆ ಹಾಕುತ್ತಿತ್ತು. ಅಂಚೆಯ ಕವರು ಒಡೆದರೂ ಸಿಳ್ಳೆ, ಸಕ್ಕರೆ ಪೊಟ್ಟಣ ಬಿಚ್ಚಿದರೂ ಸಿಳ್ಳೆ. ‘ಇದಕ್ಕೆ ಓದು ಬರಹ ಬರುತ್ತೆ ಕಣ್ರೀ, ಕಾಗದ ಕಂಡ್ರೆ ಬಿಡಲ್ಲ’ ಎಂದು ಹೆಂಡತಿ ಜಗದಾಂಬಾ ನಗುತ್ತಿದ್ದಳು. ಅವಳು ಈ ಮನೆಯಲ್ಲಿ ನಕ್ಕು, ಮಾತಾಡಿ ಹದಿನಾಲ್ಕು ತಿಂಗಳಾಗಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿ ತಮ್ಮನ ಕ್ವಾರ್ಟರ್ಸಿನಲ್ಲಿದ್ದಳು. ಒಂದು ತಿಂಗಳು ಆರೈಕೆಗೆಂದು ಹೋದವಳು.

ಅವನು ಎದ್ದು ಹೋಗಿ ನೋಡಿದ. ಪೆಟ್ಟಿಗೆಯ ಮೂಲೆಯಲ್ಲಿ ಗಿಣ್ಣು ಬೆನ್ನು ಗೂನಾಗಿಸಿಕೊಂಡು ಕುಳಿತಿತ್ತು. ಮೈಯ ರೋಮವೆಲ್ಲ ನೆಟ್ಟಗೆ ನಿಂತು ಇದ್ದದ್ದಕ್ಕಿಂತ ದಪ್ಪ ಕಾಣುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ದೊಡ್ಡಾಸ್ಪತ್ರೆಯ ಪ್ರಯೋಗಶಾಲೆಗೆಂದು ತರಿಸಿದ್ದ ಗಿನಿಹಂದಿಗಳಲ್ಲಿ ಮಿಕ್ಕ ಒಂದು ಮರಿಯನ್ನು ಅಲ್ಲಿನ ಅಟೆಂಡರ್ ಪುಟ್ಟಯ್ಯ ಜೇಬಿನಲ್ಲಿಟ್ಟುಕೊಂಡು ತಂದು ಕೊಟ್ಟಿದ್ದ. ಕೇರಿಯವರು ಅದನ್ನು ಸೀಮೆ ಇಲಿ ಎಂದರು, ಬಾಲವಿಲ್ಲದ ಇಲಿ ಎಂದರು. ಈದ ಎಮ್ಮೆಯ ಹಾಲು ಕಾಸಿದ ಬಣ್ಣವಿದೆ ಎಂದು ಜಗದಾಂಬಾ ಗಿಣ್ಣು ಎಂದು ಕರೆದಳು. ಏಕಾಂತಪ್ಪ ಎಂದಿನಂತೆ ಒಂದೇ ಕೈಯಲ್ಲಿ, ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿದ. ಅದು ಕೂಗಿತು. ಸಿಳ್ಳೆಯಲ್ಲ, ಸೂಜಿ ಚುಚ್ಚಿದಂಥ ಸಣ್ಣ ಕೂಗು. ಅವನು ಬೆಚ್ಚಿ ಅದನ್ನು ಕೆಳಗಿಟ್ಟ.

ಪೆಟ್ಟಿಗೆಯೊಳಗೆ ನಿನ್ನೆ ಹಾಕಿದ ಬೂಸಾ ಹಾಗೆಯೇ ಇತ್ತು. ಬೆರಳಿನಿಂದ ಕೆದಕಿದರೆ ಅದರ ಕೆಳಗೆ ಮೊನ್ನೆಯದು, ಅದರ ಕೆಳಗೆ ಮುಗ್ಗಲು ಹಿಡಿದ ಇನ್ನೂ ಹಳೆಯದು. ಕಡಲೆ ಒಂದೊಂದೂ ಇಡಿಯಾಗಿತ್ತು. ಅಷ್ಟು ದಿನ ಅವನು ತುಂಬಿದ್ದರ ಮೇಲೆಯೇ ತುಂಬುತ್ತಾ ಬಂದಿದ್ದ. ಆದರೆ ಅದು ತಿನ್ನುತ್ತಿತ್ತಲ್ಲ? ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ಈ ಕೋಣೆಯಿಂದ ಕರ್ ಕರ್ ಎಂದು ಹಲ್ಲಿನ ಸದ್ದು ಕೇಳುತ್ತಿತ್ತಲ್ಲ? ಒಂದು ವಾರದಿಂದ ದಿನಾ ಕೇಳಿದ್ದ. ಕೇಳಿ, ಮನೆಯಲ್ಲಿ ತಾನಲ್ಲದೆ ಇನ್ನೊಂದು ಜೀವ ಹೊಟ್ಟೆ ತುಂಬ ತಿನ್ನುತ್ತಿದೆ ಎಂದು ಒಂದು ಬಗೆಯ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದ. ಈಗ, ಅವನ ಎದುರಿಗೇ, ಗಿಣ್ಣುವಿನ ದವಡೆ ಅಲುಗಿತು. ಬಾಯಲ್ಲಿ ಏನೂ ಇರಲಿಲ್ಲ. ಕರ್, ಕರ್. ಏಕಾಂತಪ್ಪನ ಕಿವಿ ಬಿಸಿಯಾಯಿತು. ದನದ ಆಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ ಕಾಂಪೌಂಡರ್ ಆಗಿದ್ದವನು ಅವನು. ‘ಹಲ್ಲು ಮಸೀತಿದೆ ನೋಡಪ್ಪ, ಒಳಗೆಲ್ಲೋ ನೋವಿದೆ’ ಎಂದು ಎಷ್ಟು ಜನ ರೈತರಿಗೆ, ಡಾಕ್ಟರು ಬರುವ ಮೊದಲೇ, ಅಂಗೈಯನ್ನು ಹಸುವಿನ ದವಡೆಯ ಮೇಲಿಟ್ಟು ಹೇಳಿದ್ದ. ಅವರು ಕೈಮುಗಿಯುತ್ತಿದ್ದರು. ಕಾಂಪೌಂಡರಿಗೆ ಮೂಗಪ್ರಾಣಿಯ ಮಾತು ಕೇಳುತ್ತೆ ಎನ್ನುತ್ತಿದ್ದರು.

ಭಾನುವಾರವಾದ್ದರಿಂದ ದನದ ಆಸ್ಪತ್ರೆಯ ಡಾಕ್ಟರ್ ಮುರುಗೇಶಪ್ಪನವರ ಮನೆಗೇ ಹೋಗಬೇಕಾಯಿತು. ಬೆತ್ತದ ಬುಟ್ಟಿಗೆ ಹಳೆಯ ಪಂಚೆ ಹಾಸಿ, ಮೇಲೊಂದು ಟವಲು ಮುಚ್ಚಿ ಹೊರಟ. ಬೀದಿಯ ತುದಿಯಲ್ಲಿ ಪಕ್ಕದ ಮನೆಯ ಹಾಲಮ್ಮ ಬುಟ್ಟಿಯನ್ನೂ ಅವನ ಮುಖವನ್ನೂ ನೋಡಿ ಏನೂ ಕೇಳದೆ ಬಿಂದಿಗೆ ಎತ್ತಿಕೊಂಡಳು. ಡಾಕ್ಟರು ಜಗುಲಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕುಳಿತಿದ್ದರು.

‘ಏನ್ರೀ ಏಕಾಂತಪ್ಪ, ಭಾನುವಾರಾನೂ ಬಿಡಲ್ವಾ. ಯಾರ ಮನೆ ಕರು ಇದು, ಬುಟ್ಟೀಲಿ ಕೂರೋ ಅಂಥದ್ದು?’

ಒಳಗಿಂದ ಬಂದ ಅವರ ಹೆಣ್ಣುಮಕ್ಕಳಿಬ್ಬರು ಟವಲು ಎತ್ತಿ ನೋಡಿ ನಕ್ಕರು. ಏಕಾಂತಪ್ಪ ತಾನೂ ನಕ್ಕ. ಆ ನಗು ತನ್ನ ಮುಖದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಿತು ಎಂದು ಅವನಿಗೇ ತಿಳಿಯುತ್ತಿತ್ತು. ಆದರೆ ಡಾಕ್ಟರು ಸೋಪು ಒರೆಸಿಕೊಂಡು ಕನ್ನಡಕ ಹಾಕಿಕೊಂಡ ಮೇಲೆ ನಗಲಿಲ್ಲ. ಗಿಣ್ಣುವಿನ ತುಟಿ ಬಿಡಿಸಿ ವಸಡು ನೋಡಿದರು, ಹಿಂಗಾಲಿನ ಮಂಡಿಯನ್ನು ಎರಡು ಬೆರಳಲ್ಲಿ ಮುಟ್ಟಿದರು. ಮತ್ತೆ ಅದೇ ಸೂಜಿಯಂಥ ಕೂಗು.

‘ಏನು ಹಾಕ್ತಿದ್ರಿ?’

‘ಬೂಸಾ, ಕಡ್ಲೆ. ಒಣಹುಲ್ಲು.’

‘ಹಸಿರು?’

ಏಕಾಂತಪ್ಪ ಟವಲನ್ನು ಮಡಿಸತೊಡಗಿದ.

‘ಇದರ ಮೈ ನಮ್ಮ ಹಾಗೇ ಕಣ್ರೀ. ಸಿ ವಿಟಮಿನ್ನು ದನ ತಾನೇ ಮಾಡ್ಕೊಳ್ಳುತ್ತೆ, ಇದು ಮಾಡ್ಕೊಳ್ಳಲ್ಲ. ಹೊರಗಿಂದ ಕೊಡಬೇಕು. ಕೊಡದಿದ್ರೆ ಕೀಲಿನೊಳಗೆ ರಕ್ತ ಇಳಿಯುತ್ತೆ, ವಸಡು ಬಾಯುತ್ತೆ. ಅಲ್ಲಾಡಿದ್ರೆ ನೋವು, ಅಗಿದ್ರೆ ನೋವು. ಹತ್ತು ದಿನದಿಂದ ಆದ್ರೂ ಅನುಭವಿಸ್ತಿದೆ ಇದು.’

‘ಗೊತ್ತೇ ಆಗ್ಲಿಲ್ಲ ಸಾರ್. ಎಮ್ಮೆ ಆದ್ರೆ ನರಳುತ್ತೆ, ಹೊಟ್ಟೆಗೆ ಒದ್ಕೊಳ್ಳುತ್ತೆ. ಇದು ಏನೂ—’

‘ಇದು ಹೇಳಲ್ಲ. ಹದ್ದು, ನರಿ, ಹಾವು, ಎಲ್ಲಕ್ಕೂ ಇದು ಊಟ ಅಲ್ವಾ. ನೋಯ್ತಿದೆ ಅಂತ ತೋರಿಸ್ಕೊಂಡ್ರೆ ಮೊದಲು ಇದನ್ನೇ ಎತ್ಕೊಂಡು ಹೋಗ್ತವೆ. ಅದಕ್ಕೇ ಮುಚ್ಚಿಟ್ಕೊಳ್ಳುತ್ತೆ. ನಾವೇ ನೋಡ್ಬೇಕು, ತಿಂತಾ, ಕೂಗ್ತಾ, ಮೂಲೆ ಸೇರ್ತಾ ಅಂತ.’ ಚೀಟಿಯಲ್ಲಿ ಮಾತ್ರೆ ಬರೆದು, ‘ಎರಡು ಗಂಟೆಗೊಂದು ಸಲ ಸೊಪ್ಪು ಅರೆದು ಬಾಯಿಗೆ ಬಿಡಬೇಕು, ಹಗಲೂ ರಾತ್ರಿ. ಹೊಟ್ಟೆ ಖಾಲಿ ಬಿಟ್ರೆ ನೋವಿಗಿಂತ ಮೊದಲು ಅದೇ ಕೊಲ್ಲುತ್ತೆ. ಮನೇಲಿ ಯಾರಾದ್ರೂ...’ ಎಂದವರು ಅಷ್ಟಕ್ಕೇ ನಿಲ್ಲಿಸಿ ರೇಜರಿನ ಕಡೆ ತಿರುಗಿದರು. ದೊಡ್ಡ ಮಗಳು ಅಪ್ಪನ ಮುಖ ನೋಡಿದಳು. ಊರಿಗೆಲ್ಲ ಗೊತ್ತಿದ್ದ ವಿಷಯ.

ಭದ್ರಾವತಿ ಬಸ್ಸಿನಲ್ಲಿ ಕಂಡಕ್ಟರು ಟವಲಿನ ಅಂಚು ಎತ್ತಿ, ‘ಇಲಿಗೂ ಟಿಕೆಟ್ ಹರೀಬೇಕಾ ಸ್ವಾಮಿ’ ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ. ಏಕಾಂತಪ್ಪ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡಿದ. ಗದ್ದೆಗಳು ಕೊಯ್ಲಾಗಿ ಬಿರಿದಿದ್ದವು. ಕುಲುಕಾಡಿದಾಗಲೆಲ್ಲ ಬುಟ್ಟಿಯನ್ನು ಎರಡೂ ಕೈಯಲ್ಲಿ ತುಸು ಮೇಲೆತ್ತಿ ಹಿಡಿಯುತ್ತಿದ್ದ. ಎತ್ತುವಾಗ ಎರಡು ಕೈಯಲ್ಲಿ ಎತ್ತುವುದು. ಹಾಗೆಂದು ಅವಳ ಕಾರ್ಡಿನಲ್ಲಿತ್ತು. ಅವನು ಬರೆದ ಏಳು ಕಾಗದಕ್ಕೆ ಬಂದ ಒಂದೇ ಉತ್ತರ: ಕ್ಷೇಮ. ಗಿಣ್ಣುವಿಗೆ ದಿನಾ ಹಸಿರು ಹಾಕುವುದು. ನೀರು ಬದಲಿಸುವುದು. ಎತ್ತುವಾಗ ಎರಡು ಕೈಯಲ್ಲಿ ಎತ್ತುವುದು. ಆ ನಾಲ್ಕು ಸಾಲನ್ನು ಅವನು ಎಷ್ಟು ಸಲ ಓದಿದ್ದನೆಂದರೆ, ‘ಕ್ಷೇಮ’ದ ಕ್ಷ ಬರೆಯುವಾಗ ಅವಳ ಪೆನ್ನು ಒಂದು ಕ್ಷಣ ನಿಂತು ಮಸಿ ಊರಿದ ಚುಕ್ಕೆ ಕೂಡ ಅವನಿಗೆ ಪರಿಚಯವಾಗಿತ್ತು. ಒಂದು ವರ್ಷ ನೇಮದಂತೆ ಬೆಳಿಗ್ಗೆ ಎದ್ದು ರಾಗಿಗುಡ್ಡದ ಕಡೆ ಹೋಗಿ ಗರಿಕೆ ಕಿತ್ತು ತಂದಿದ್ದ. ಹುಲ್ಲಿನ ಮೇಲೆ ಬಗ್ಗಿದಾಗ, ಇದನ್ನು ಅವಳು ನೋಡಬೇಕಿತ್ತು ಎನ್ನಿಸುತ್ತಿತ್ತು. ಮನೆಗೆ ಬಂದರೆ ಸಿಳ್ಳೆ. ಆ ಸಿಳ್ಳೆಗೆ ಅವಳು ಅಡುಗೆಮನೆಯಿಂದ ‘ಬಂದೆ ಮಾರಾಯ್ತಿ, ಬಂದೆ’ ಎನ್ನುತ್ತಿದ್ದ ದನಿ ಇನ್ನೂ ಗೋಡೆಯಲ್ಲಿ ಇದ್ದಂತಿತ್ತು. ಅವನು ತಾನೇ ಒಮ್ಮೆ, ಯಾರಿಗೂ ಕೇಳದಂತೆ, ಬಂದೆ ಮಾರಾಯ್ತಿ ಎಂದು ಹೇಳಿ ನಾಚಿಕೊಂಡಿದ್ದ.

ಅವಳು ಹೋಗುವ ಮುಂಚಿನ ಆ ಮೂರು ದಿನ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ನಿಂತ ಬಸಿರು, ಐದನೆಯ ತಿಂಗಳು. ಸೋಮವಾರ ಅವಳು ರೊಟ್ಟಿ ತಟ್ಟಿದಳು, ಎಣ್ಣೆಗಾಯಿ ಮಾಡಿದಳು. ಮಂಗಳವಾರ ಅವನ ಖಾಕಿ ಅಂಗಿ ಒಗೆದಳು. ಮಂಗಳವಾರ ಸಂಜೆ ಗಿಣ್ಣು ಕೂಗಿಯೇ ಕೂಗಿತು, ಅವಳು ಏಳಲಿಲ್ಲ. ಪೇಪರ್ ಓದುತ್ತಿದ್ದ ಅವನು, ‘ಅದು ಆಗಿಂದ ಅರಚ್ಕೊಳ್ತಿದೆ, ಕಿವಿ ಕೇಳ್ಸಲ್ವಾ’ ಎಂದ. ಅವಳು ಎದ್ದು ಹೋಗಿ ಸೊಪ್ಪು ಹಾಕಿದಳು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಆಸ್ಪತ್ರೆಯಲ್ಲಿ ಒಂದು ಎಮ್ಮೆಯ ನಾಲಿಗೆ ಹಿಡಿದು ‘ಸಮಾಧಾನ, ಸಮಾಧಾನ, ಗೊತ್ತಾಗುತ್ತೆ ನಂಗೆ’ ಎನ್ನುತ್ತಿದ್ದಾಗ ಹಾಲಮ್ಮ ಅವಳನ್ನು ಜಟಕಾದಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಮಗು ಉಳಿಯಲಿಲ್ಲ. ಸಂಜೆ ವಾರ್ಡಿನಲ್ಲಿ ಅವನು ಹೇಳಿದ ಮೊದಲ ಮಾತು, ‘ಹೇಳ್ಬಾರ್ದಿತ್ತಾ?’ ಅವಳು ಗೋಡೆಯ ಕಡೆ ಹೊರಳಿದಳು.

ಮತ್ತೆ ಈ ಸಂಕ್ರಾಂತಿ ಕಳೆದ ಮೇಲೆ ಯಾರೋ ಭದ್ರಾವತಿಯಿಂದ ಬಂದವರು, ಜಗದಾಂಬಾ ನ್ಯೂ ಟೌನಿನ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದಾಳೆ, ಇನ್ನು ಶಿವಮೊಗ್ಗಕ್ಕೆ ಬರುವ ಹಾಗೆ ಕಾಣುವುದಿಲ್ಲ ಎಂದರು. ಮಾರನೆಯ ದಿನ ಅವನು ಗರಿಕೆಗೆ ಹೋಗಲಿಲ್ಲ. ಹುಲ್ಲು ಒಣಗಿತ್ತು, ನಿಜ. ಹುಲ್ಲು ಒಣಗಿದೆ ಎಂದೇ ತನಗೆ ತಾನು ಹೇಳಿಕೊಂಡಿದ್ದ. ಆದರೆ ಗಾಂಧಿಬಜಾರಿನಲ್ಲಿ ಕೊತ್ತಂಬರಿ ಒಣಗಿರಲಿಲ್ಲ, ಹಿತ್ತಲಿನ ನುಗ್ಗೆ ಒಣಗಿರಲಿಲ್ಲ. ಬಸ್ಸು ಒಮ್ಮೆ ಜೋರಾಗಿ ಕುಲುಕಿತು. ಟವಲಿನ ಕೆಳಗೆ ಹಲ್ಲು ಮಸೆಯಿತು.

ಜಗದಾಂಬಾಳ ತಮ್ಮ ಚಂದ್ರಶೇಖರಪ್ಪನ ಕ್ವಾರ್ಟರ್ಸಿನ ಬಾಗಿಲು ತೆಗೆದವಳು ಅವನ ಹೆಂಡತಿ ಮಹಾಂತಮ್ಮ. ಏಕಾಂತಪ್ಪನನ್ನು ನೋಡಿ ಸೆರಗು ಸರಿಮಾಡಿಕೊಂಡು, ‘ಬನ್ನಿ ಅಣ್ಣಾರೆ’ ಎಂದಳು. ಆದರೆ ಒಳಗೆ ಕರೆಯದೆ ಜಗುಲಿಯಲ್ಲಿ ಕುರ್ಚಿ ಹಾಕಿದಳು. ಕಾರ್ಖಾನೆಯ ಹೊಗೆ ಊರಿನ ಮೇಲೆ ನೇರ ನಿಂತಿತ್ತು. ಕುರ್ಚಿ ಆ ಮನೆಗೆ ಬಂದ ಯಾವ ಅಪರಿಚಿತನಿಗಾದರೂ ಹಾಕುವಂಥದ್ದು. ಹತ್ತು ನಿಮಿಷ ಕಳೆಯಿತು. ಕಾಫಿ ಬಂತು. ಕಾಫಿ ಕುಡಿದು ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಹೋಗಿಬಿಡಲೇ ಎನ್ನಿಸಿತು. ಬುಟ್ಟಿಯನ್ನು ಇಲ್ಲೇ ಇಟ್ಟು, ಹೇಳದೆ.

ಆಗ ಒಳಗಿನಿಂದ ಜಗದಾಂಬಾ ಬಂದಳು. ತುಸು ತೆಳ್ಳಗಾಗಿದ್ದಳು. ಕೊರಳಲ್ಲಿ ಹೊಲಿಗೆಯ ಟೇಪು ಹಾಗೇ ಇತ್ತು. ಅವನನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಿದಳು. ಟವಲು ಎತ್ತಿದವಳು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದಳು.

‘ಯಾವಾಗಿಂದ ಕೂಗಿಲ್ಲ?’

‘ಇವತ್ತು ಗಮನಿಸ್ದೆ.’

‘ಅದು ಯಾವಾಗ ನಿಲ್ಲಿಸ್ತು ಅಂತ ಕೇಳ್ತಿದೀನಿ.’

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಚೀಟಿ ಕೊಟ್ಟ, ಮಾತ್ರೆ ಕೊಟ್ಟ. ಅವಳು ಒಂದು ಕೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ಹಿಂಭಾಗದ ಕೆಳಗೆ ತಂದು, ಕಾಲು ಯಾವುದಕ್ಕೂ ತಾಗದಂತೆ, ನೀರು ತುಂಬಿದ ಬಟ್ಟಲು ಎತ್ತುವ ಹಾಗೆ ಎತ್ತಿದಳು. ಗಿಣ್ಣು ಕೂಗಲಿಲ್ಲ. ಅದನ್ನು ಮಡಿಲಿಗೆ ತಂದುಕೊಂಡು ಅಲ್ಲೇ ಜಗುಲಿಯ ನೆಲದ ಮೇಲೆ ಕುಳಿತಳು. ‘ಮಹಾಂತಮ್ಮ, ಮರದಲ್ಲಿ ನಾಲ್ಕು ನೆಲ್ಲಿಕಾಯಿ ಉಳಿದಿರ್ಬೇಕು ನೋಡು ತಾಯಿ. ಇಂಕ್ ಫಿಲ್ಲರು ತೊಳ್ಕೊಂಡು ಬಾ’ ಎಂದು ಒಳಗೆ ಹೇಳಿದಳು. ಅವನೆದ್ದು ಹಿತ್ತಲಿಗೆ ಹೋಗಿ ನುಗ್ಗೆಸೊಪ್ಪು ಕಿತ್ತು ತಂದ. ಅದನ್ನು ಅವಳು ಬೇಡ ಎನ್ನಲಿಲ್ಲ. ಮಹಾಂತಮ್ಮ ಎರಡನ್ನೂ ಕಲ್ಲಿನಲ್ಲಿ ಅರೆದು, ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ ತಂದದ್ದನ್ನು ಜಗದಾಂಬಾ ಫಿಲ್ಲರಿಗೆ ತುಂಬಿ, ಅದರ ತುದಿಯನ್ನು ಬಾಯ ಪಕ್ಕದಿಂದ, ಹುಣ್ಣಾದ ವಸಡಿಗೆ ತಾಗದಂತೆ ಒಳಗೆ ತೂರಿಸಿ, ಒಂದು ಹನಿ ಬಿಟ್ಟು, ನುಂಗುವವರೆಗೆ ಕಾದು, ಇನ್ನೊಂದು ಹನಿ. ಮೂರನೆಯ ಹನಿಗೆ ನಾಲಿಗೆ ತಾನಾಗಿ ಅಲ್ಲಾಡಿತು. ಅವಳ ಕೈ ಎಷ್ಟು ನಿಧಾನವಾಗಿತ್ತೆಂದರೆ ಏಕಾಂತಪ್ಪ ತನ್ನ ಉಸಿರನ್ನೂ ಅದಕ್ಕೆ ಹೊಂದಿಸಿಕೊಂಡ. ಅವಳ ತಲೆಯಿಂದ ಸೀಗೆಕಾಯಿಯ ವಾಸನೆ ಬಂತು. ಭಾನುವಾರ ತಲೆಗೆ ಹಾಕಿಕೊಳ್ಳುವುದು ಅವಳ ಪದ್ಧತಿ. ಹದಿನಾಲ್ಕು ತಿಂಗಳಲ್ಲಿ ಎಷ್ಟು ಭಾನುವಾರ ಬಂದು ಹೋದವು ಎಂದು ಎಣಿಸಲು ಹೋಗಿ ಬಿಟ್ಟ. ಕೈ ನೀಡಿದರೆ ಮುಟ್ಟಬಹುದಾದಷ್ಟು ಹತ್ತಿರ ಕುಳಿತಿದ್ದಳು. ನೀಡಲಿಲ್ಲ.

‘ಎಷ್ಟು ದಿನದಿಂದ ಹಸಿರು ಹಾಕಿಲ್ಲ?’ ಅವಳು ತಲೆಯೆತ್ತದೆ ಕೇಳಿದಳು.

‘ಐದು ವಾರ ಆಗಿರ್ಬೇಕು.’

‘ಕಾರ್ಡಲ್ಲಿ ಬರ್ದಿದ್ದೆ.’

ಹುಲ್ಲು ಒಣಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ‘ನೀನು ಬರಲ್ಲ ಅಂತ ಯಾರೋ ಹೇಳಿದ್ರು,’ ಎಂದ. ‘ಅವತ್ತಿಂದ ಹಾಕ್ಲಿಲ್ಲ. ಕಣ್ಣೆದುರಿಗೇ ಇತ್ತು. ಹಾಕ್ಲಿಲ್ಲ ಅಷ್ಟೆ.’

ಫಿಲ್ಲರು ಗಾಳಿಯಲ್ಲಿ ನಿಂತಿತು. ಈಗ ಅವಳು ಅವನನ್ನು ನೋಡಿದಳು, ಬಂದಾಗಿನಿಂದ ಮೊದಲ ಸಲ. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಗಿಣ್ಣುವಿನ ಕಿವಿಯ ಹಿಂದೆ ಬೆರಳಿಟ್ಟು, ‘ಪಾಪ, ಇದೇನು ಮಾಡಿತ್ತು’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಳ್ಳು ಹೇಳದ ಮನುಷ್ಯನನ್ನು ಬಹಳ ದಿನದ ಮೇಲೆ ಕಂಡವಳ ಹಾಗೆ ಮತ್ತೊಮ್ಮೆ ನೋಡಿದಳು. ನಂತರ ಅವನ ಕೈ ಹಿಡಿದು, ಹೌದು, ಹಿಡಿದು, ಬೆರಳನ್ನು ಗಿಣ್ಣುವಿನ ದವಡೆಯ ಕೆಳಗೆ ಇರಿಸಿದಳು. ‘ತಿನ್ನೋವಾಗ ದವಡೆ ಅಡ್ಡಡ್ಡ ಆಡುತ್ತೆ, ಮೆತ್ತಗಿರುತ್ತೆ. ನೋವಲ್ಲಿ ಮಸೆಯೋವಾಗ ಇಲ್ಲಿ ಗಟ್ಟಿ ಆಗುತ್ತೆ, ಕಲ್ಲಿನ ಹಾಗೆ. ನೋಡಿ. ಈಗ.’ ಅವನ ಬೆರಳಿನ ಕೆಳಗೆ ಆ ಗಟ್ಟಿತನ ಬಂದು, ಸ್ವಲ್ಪ ಹೊತ್ತು ನಿಂತು, ಸಡಿಲವಾಯಿತು. ಮತ್ತೆ ಬಂತು.

‘ಜಗದಾಂಬಾ,’ ಎಂದ ಏಕಾಂತಪ್ಪ. ಇವಳೇ ಎಂದು ಕರೆದೇ ಅಭ್ಯಾಸವಾಗಿದ್ದವನಿಗೆ ಹೆಸರು ಬಾಯಲ್ಲಿ ಹೊಸದಾಗಿತ್ತು. ‘ಅವತ್ತು ನಿಂಗೆ ಎಲ್ಲಿ ನೋಯ್ತಿತ್ತು?’

ಅವಳ ಕೈ ಅವನ ಕೈಯ ಮೇಲಿನಿಂದ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಗೇಟು ಸದ್ದಾಗಿ ಚಂದ್ರಶೇಖರಪ್ಪ ಸೈಕಲ್ ತಳ್ಳಿಕೊಂಡು ಒಳಗೆ ಬಂದ. ಭಾನುವಾರವೂ ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ ಅವನ ಅಂಗಿಯ ಬೆನ್ನಿನಲ್ಲಿ ಬೆವರಿನ ಉಪ್ಪು ಬಿಳಿಗಟ್ಟಿತ್ತು.

‘ಭಾವ ಯಾವಾಗ ಬಂದ್ರಿ,’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬುಟ್ಟಿ ನೋಡಿದ. ‘ಓ, ಇದಕ್ಕೆ ಹುಷಾರಿಲ್ವಾ. ನಾನು ಅಕ್ಕನ್ನ ನೋಡೋಕೆ ಬಂದ್ರೇನೋ ಅಂದ್ಕೊಂಡೆ. ಅವಳಿಗೆ ಹುಷಾರಿಲ್ದೇ ಇದ್ದಾಗ ಬಸ್ಸಿರ್ಲಿಲ್ಲ ಅನ್ಸುತ್ತೆ.’

‘ಶೇಖರ, ಕೈಕಾಲು ತೊಳ್ಕೋ ಹೋಗು,’ ಎಂದಳು ಜಗದಾಂಬಾ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಸಲ, ಹೋದ ವರ್ಷ ಶಿವರಾತ್ರಿಯ ಮಾರನೆಯ ದಿನ, ಏಕಾಂತಪ್ಪ ಈ ರಸ್ತೆಯ ತಿರುವಿನವರೆಗೆ ಬಂದಿದ್ದ. ಜಗುಲಿಯಲ್ಲಿ ಅವಳು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಹೇಗಿದ್ದೀಯ ಎಂದು ಕೇಳಿದರೆ ಅವಳು ಹೇಳಿಬಿಟ್ಟಾಳು ಎಂದು ಹೆದರಿ ಹಿಂದಿರುಗಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಎದ್ದು ನಿಂತು ಚಪ್ಪಲಿ ಹುಡುಕಿದ. ಊಟ ಮಾಡ್ಕೊಂಡು ಹೋಗಿ ಎಂದು ಮಹಾಂತಮ್ಮ ಬಾಗಿಲಿನಿಂದ ಹೇಳಿದಳು. ಆಗಿದೆ ತಾಯಿ ಎಂದು ಸುಳ್ಳು ಹೇಳಿದ. ಗಿಣ್ಣು ಇಲ್ಲೇ ಇರಲಿ, ಎರಡು ಗಂಟೆಗೊಮ್ಮೆ ಅಲ್ಲಿ ಯಾರೂ ಇಲ್ಲ ಎಂದ. ಇರಲಿ ಎಂದಳು ಜಗದಾಂಬಾ. ಬದುಕುತ್ತಾ ಎಂದು ಕೇಳಿದ. ಗೊತ್ತಿಲ್ಲ, ನಾಲ್ಕು ದಿನ ಕಳೀಲಿ, ಮಂಡಿ ಊದಿದ್ದು ಇಳಿಯೋಕೆ ಹದಿನೈದು ದಿನ ಆದ್ರೂ ಬೇಕು ಎಂದಳು. ಖಾಲಿ ಬುಟ್ಟಿಯನ್ನು ತೆಗೆದುಕೊಂಡು ಮೆಟ್ಟಿಲಿಳಿದ.

ಗೇಟಿನ ಚಿಲಕ ಹಾಕುತ್ತಿದ್ದಾಗ ಹಿಂದೆ ಹೆಜ್ಜೆಯ ಸದ್ದಾಯಿತು. ಗಿಣ್ಣುವನ್ನು ಎದೆಗೆ ಆನಿಸಿಕೊಂಡು ಅವಳು ಒಳಗಡೆ ನಿಂತಿದ್ದಳು. ಮಧ್ಯೆ ಗೇಟು.

‘ಸೊಂಟದಲ್ಲಿ,’ ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

‘ಮೊದಲನೇ ದಿನ ಸೊಂಟದಲ್ಲಿ. ಎಡಗಡೆ. ನೀರು ಸೇದಿದ್ದಕ್ಕೆ ಅಂದ್ಕೊಂಡೆ. ಹೇಳೋಣ ಅಂತ ಬಂದೆ. ಹನ್ನೆರಡು ವರ್ಷ ಕಾದಿದ್ವಲ್ಲ, ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು. ಎರಡನೇ ದಿನ ಕೆಳಗೆ ಇಳೀತು. ನಿಂತ್ರೆ ಹೇಗೋ ತಡ್ಕೊಬಹುದಿತ್ತು, ಕೂತ್ರೆ ಪ್ರಾಣ ಹೋಗೋದು. ಅದಕ್ಕೇ ನೀವು ಉಣ್ಣೋವಾಗ ಬಾಗಿಲಿಗೆ ಒರಗಿ ನಿಂತಿದ್ದೆ. ಏನು ಕಂಬದ ಹಾಗೆ ನಿಂತಿದೀಯ, ಕೂತ್ಕೋಬಾರ್ದಾ ಅಂದ್ರಿ.’

‘ನಾನಂದ್ನಾ?’

‘ಅಂದ್ರಿ. ಕೂತೆ.’

ಹದಿನಾಲ್ಕು ತಿಂಗಳು ಆ ಮೂರು ದಿನಗಳನ್ನು ಅವನು ತಿರುವಿ ತಿರುವಿ ನೋಡಿದ್ದ, ಪ್ರತಿ ಮೂಲೆಯನ್ನೂ ಕೆದಕಿದ್ದ. ಈ ಮಾತು ಅಲ್ಲೆಲ್ಲೂ ಇರಲಿಲ್ಲ. ಅವಳು ಕೂತದ್ದೂ ಇರಲಿಲ್ಲ. ಅವನು ಉಂಡದ್ದು ಮಾತ್ರ ಇತ್ತು. ನೋವಿಗೆ ಅವನ ಹತ್ತಿರ ಎಷ್ಟೊಂದು ಔಷಧಿಗಳಿದ್ದವು. ಸೊಂಟಕ್ಕೆ, ಹೊಟ್ಟೆಗೆ, ಕೀಲಿಗೆ. ಅವುಗಳ ಹೆಸರೆಲ್ಲ ಅಭ್ಯಾಸದಿಂದ ಬಾಯಿಗೆ ಬಂದು, ಆಡದೆ ಹಿಂದಕ್ಕೆ ಹೋದವು. ಗೇಟಿನ ಕಂಬಿಯ ಮೇಲೆ ಅವನ ಕೈ ಇತ್ತು. ಬಿಸಿಲಿಗೆ ಕಾದ ಕಬ್ಬಿಣ ಸುಡುತ್ತಿತ್ತು, ತೆಗೆಯಲಿಲ್ಲ.

ರಸ್ತೆಯ ತುದಿಯಲ್ಲಿ ಹುಣಸೆಮರದ ಕೆಳಗೆ ಶಿವಮೊಗ್ಗದ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು.

‘ಬಸ್ ಬಂತು ನೋಡಿ,’ ಎಂದಳು ಜಗದಾಂಬಾ. ‘ಇನ್ನೊಂದು ನಾಲ್ಕು ಗಂಟೆಗೇ ಇರೋದು.’

‘ಹೋಗ್ಲಿ,’ ಎಂದ ಏಕಾಂತಪ್ಪ. ಬುಟ್ಟಿಯನ್ನು ನೆಲಕ್ಕಿಟ್ಟ. ‘ಮೂರನೇ ದಿನ?’

ಅವಳು ಗಿಣ್ಣುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು. ಬಸ್ಸು ಹೊರಟು ಎದ್ದ ಧೂಳು ಅಡಗಿದ ಮೇಲೆ, ಅವನನ್ನಲ್ಲ, ರಸ್ತೆಯನ್ನು ನೋಡುತ್ತಾ ಹೇಳತೊಡಗಿದಳು.